ಚಟ ಹತ್ತಿಸುವ ಮಾತ್ರೆಗೆ ಒಂದು ಸಹಿ ಸಾಕಿತ್ತು, ಬಿಡಿಸುವ ಮಾತ್ರೆಗೆ ಬೇರೆ ಲೈಸೆನ್ಸು ಬೇಕಿತ್ತು

ಅಮೆರಿಕದ ಯಾವುದೋ ಒಂದು ಊರಿನ ಆಸ್ಪತ್ರೆ, ಎಮರ್ಜೆನ್ಸಿ ವಾರ್ಡು, 2022ರ ಡಿಸೆಂಬರ್ ತಿಂಗಳ ಒಂದು ರಾತ್ರಿ ಅಂದುಕೊಳ್ಳಿ. ಒಂದು ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಬಂದವನಿದ್ದಾನೆ. ಡ್ಯೂಟಿ ಡಾಕ್ಟರು ಅವನಿಗೆ ನೋವಿಗೆಂದು ಆಕ್ಸಿಕೊಡೋನ್ ಮಾತ್ರೆ ಬರೆದುಕೊಡುತ್ತಾರೆ. ಅಫೀಮಿನ ಕುಲದ ಬಲವಾದ ಮಾತ್ರೆ ಅದು. ಆದರೂ ಡಾಕ್ಟರಿಗೆ ಇರುವ ಮಾಮೂಲಿ ಲೈಸೆನ್ಸೇ ಸಾಕು. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬನಿದ್ದಾನೆ. ಅದೇ ಮಾತ್ರೆಯ ಚಟ ಹತ್ತಿ, ಈಗ ಅದು ಸಿಗದೆ, ಮೈಯೆಲ್ಲ ಬೆವತು, ವಾಂತಿ ಮಾಡಿಕೊಳ್ಳುತ್ತಾ, ಇದರಿಂದ ಹೊರಗೆ ಬರಬೇಕು, ಏನಾದರೂ ಕೊಡಿ ಎಂದು ಬೇಡಿಕೊಳ್ಳುತ್ತಿದ್ದಾನೆ. ಅವನಿಗೆ ಬೇಕಾದ ಔಷಧಿ ಇದೆ. ಹೆಸರು ಬ್ಯೂಪ್ರೆನಾರ್ಫಿನ್. ಆದರೆ ಅದನ್ನು ಚೀಟಿಯಲ್ಲಿ ಬರೆಯಲು ಅದೇ ಡಾಕ್ಟರಿಗೆ ಕೇಂದ್ರ ಸರ್ಕಾರದಿಂದ ಬೇರೆಯೇ ಒಂದು ಅನುಮತಿ ಬೇಕು. ಇಲ್ಲದಿದ್ದರೆ ಬರೆಯುವಂತಿಲ್ಲ.

ಮೊದಲ ಸಲ ಇದನ್ನು ಓದಿದಾಗ ನಾನೇ ಎಲ್ಲೋ ತಪ್ಪು ತಿಳಿದುಕೊಂಡಿದ್ದೇನೆ ಅನ್ನಿಸಿ ಮತ್ತೊಮ್ಮೆ ಓದಿದೆ. ತಪ್ಪೇನೂ ಇರಲಿಲ್ಲ. 22 ವರ್ಷ ಅಲ್ಲಿನ ಕಾನೂನು ಹೀಗೇ ಇತ್ತು. ಅದನ್ನು ಕಿತ್ತುಹಾಕಬೇಕು ಎಂದು ವರ್ಷಗಟ್ಟಲೆ ಬೆನ್ನು ಹತ್ತಿದವರಲ್ಲಿ ಮುಖ್ಯರು ನ್ಯೂಯಾರ್ಕ್ ರಾಜ್ಯದ ಒಬ್ಬ ಸಂಸದ, ಪಾಲ್ ಟೊಂಕೊ. ಅವರು ಮಾಡಿದ್ದೇನು, ಅದು ಯಾಕೆ ಅಷ್ಟು ಕಷ್ಟವಾಯಿತು, ಆದಮೇಲೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಕಾನೂನಿನ ಒಂದು ಸಣ್ಣ ಪ್ಯಾರಾ ಎಷ್ಟು ಜನರ ಉಸಿರಿನ ಮೇಲೆ ಕೂತಿರುತ್ತದೆ ಅನ್ನುವುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಮೊದಲು ಔಷಧಿಯ ವಿಷಯ. ಅದು ಅರ್ಥವಾಗದೆ ಕಾನೂನು ಅರ್ಥವಾಗುವುದಿಲ್ಲ.

ಅಫೀಮಿನ ಗಿಡದ ಹಾಲಿನಿಂದ ಮಾರ್ಫಿನ್ ಬರುತ್ತದೆ. ಅದೇ ಹಾಲಿನಲ್ಲಿರುವ ಅಂಶಗಳನ್ನು ಸ್ವಲ್ಪ ಬದಲಾಯಿಸಿದರೆ ಹೆರಾಯಿನ್, ಆಕ್ಸಿಕೊಡೋನ್. ಗಿಡದ ಹಂಗೇ ಇಲ್ಲದೆ ಲ್ಯಾಬಿನಲ್ಲೇ ತಯಾರಾಗುವುದು ಫೆಂಟನಿಲ್. ಇವೆಲ್ಲವನ್ನೂ ಸೇರಿಸಿ ಓಪಿಯಾಯ್ಡ್ ಅನ್ನುತ್ತಾರೆ. ಮಿದುಳಿನಲ್ಲಿ ಇವುಗಳಿಗೆಂದೇ ಬೀಗಗಳಿವೆ, ಈ ಔಷಧಿಗಳು ಬೀಗದ ಕೈ ಇದ್ದಂತೆ. ಕೈ ತಿರುಗಿದಾಗ ನೋವು ಕಡಿಮೆಯಾಗುತ್ತದೆ, ಮನಸ್ಸಿಗೆ ಹಿತವಾಗುತ್ತದೆ, ಜೊತೆಗೆ ಉಸಿರಾಟ ನಿಧಾನವಾಗುತ್ತದೆ. ಓವರ್‌ಡೋಸ್ ಅಂದರೆ ಈ ಮೂರನೆಯದು ಅತಿಯಾಗುವುದು. ಮನುಷ್ಯ ನಿದ್ದೆ ಹೋದಂತೆ ಕಾಣುತ್ತಾನೆ, ತುಟಿ ನೀಲಿಯಾಗುತ್ತದೆ, ಉಸಿರು ನಿಂತುಹೋಗುತ್ತದೆ.

ದಿನಾ ತೆಗೆದುಕೊಳ್ಳುತ್ತಾ ಹೋದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಸಾಕಾಗುತ್ತಿದ್ದಷ್ಟು ಈಗ ಸಾಲುವುದಿಲ್ಲ. ನಿಲ್ಲಿಸಿದರೆ ವಿತ್‌ಡ್ರಾವಲ್ ಶುರು: ಮೂಳೆ ಮೂಳೆ ನೋವು, ಚಳಿ, ಭೇದಿ, ನಿದ್ದೆಯಿಲ್ಲ, ಕಾಲು ಸುಮ್ಮನಿರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇವನು ಖುಷಿಗಾಗಿ ತೆಗೆದುಕೊಳ್ಳುತ್ತಾನೆ ಅನ್ನಿಸುತ್ತದೆ. ನಿಜ ಏನೆಂದರೆ, ಸ್ವಲ್ಪ ಕಾಲವಾದ ಮೇಲೆ ಬಹಳ ಜನ ತೆಗೆದುಕೊಳ್ಳುವುದು ಆ ಯಾತನೆ ತಪ್ಪಿಸಿಕೊಂಡು ಒಂದು ದಿನ ಮಾಮೂಲಿನಂತೆ ಕೆಲಸಕ್ಕೆ ಹೋಗುವುದಕ್ಕೆ. "ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡು" ಎನ್ನುವ ಮಾತು ಇಲ್ಲಿ ಕೆಲಸ ಮಾಡದಿರುವುದು ಇದಕ್ಕೇ. ಇನ್ನೂ ಕೆಟ್ಟದ್ದೆಂದರೆ, ಕೆಲವು ವಾರ ಬಿಟ್ಟಿದ್ದವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಒಗ್ಗಿಕೆ ಹೋಗಿರುವ ಮೈ ಅದನ್ನು ತಡೆಯುವುದಿಲ್ಲ. ಸಾವು ಅಲ್ಲಿ ಕಾದಿರುತ್ತದೆ.

ಬ್ಯೂಪ್ರೆನಾರ್ಫಿನ್ ಕೂಡ ಒಂದು ಓಪಿಯಾಯ್ಡೇ. ಅಲ್ಲಿನ ಡಾಕ್ಟರುಗಳೂ ರೋಗಿಗಳೂ ಅದನ್ನು ಚಿಕ್ಕದಾಗಿ ಬ್ಯೂಪ್ ಅನ್ನುತ್ತಾರೆ. ಅದೇ ಬೀಗಕ್ಕೆ ಅದು ಬಿಗಿಯಾಗಿ ಕೂರುತ್ತದೆ, ಆದರೆ ಅರ್ಧ ಮಾತ್ರ ತಿರುಗುತ್ತದೆ. ವಿತ್‌ಡ್ರಾವಲ್ ನಿಲ್ಲಲು ಅಷ್ಟು ಸಾಕು. ಉಸಿರಾಟವನ್ನು ಒಂದು ಮಿತಿಗಿಂತ ಜಾಸ್ತಿ ತಗ್ಗಿಸುವುದಿಲ್ಲ, ಡೋಸ್ ಎಷ್ಟೇ ಏರಿಸಿದರೂ ಆ ಮಿತಿ ದಾಟುವುದು ಕಷ್ಟ. ಇನ್ನೊಂದು ಅನುಕೂಲ: ಬೀಗದಲ್ಲಿ ಇದೇ ಗಟ್ಟಿಯಾಗಿ ಕೂತಿರುವುದರಿಂದ ಮೇಲೆ ಹೆರಾಯಿನ್ ತೆಗೆದುಕೊಂಡರೂ ಅದಕ್ಕೆ ಜಾಗವಿರುವುದಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಂಡರೆ ಕರಗುತ್ತದೆ, ಮನೆಯಲ್ಲೇ ತೆಗೆದುಕೊಳ್ಳಬಹುದು. ಸರಿಯಾಗಿ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅರ್ಧ! ವೈದ್ಯಶಾಸ್ತ್ರದಲ್ಲಿ ಸಾವನ್ನು ಇಷ್ಟು ಇಳಿಸುವ ಮಾತ್ರೆಗಳು ಜಾಸ್ತಿ ಇಲ್ಲ.

ಒಂದು ಅಮಲು ಬಿಡಿಸಲು ಇನ್ನೊಂದು ಅಮಲು ಕೊಡುವುದಾ ಎಂದು ಯಾರಾದರೂ ಕೇಳಬಹುದು. ಕೇಳುತ್ತಲೇ ಇದ್ದಾರೆ, ಐವತ್ತು ವರ್ಷದಿಂದ. ಉತ್ತರ ಸರಳ. ಚಟ ಅಂದರೆ ಮೈ ಒಂದು ಔಷಧಿಗೆ ಒಗ್ಗಿಕೊಂಡಿರುವುದಷ್ಟೇ ಅಲ್ಲ, ಅದಕ್ಕಾಗಿ ಮನೆ, ಕೆಲಸ, ಮಕ್ಕಳು, ಜೀವ ಎಲ್ಲವನ್ನೂ ಬಿಡುವ ಸ್ಥಿತಿ. ದಿನಾ ಬೆಳಿಗ್ಗೆ ಒಂದು ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗಿ ಸಂಜೆ ಮಕ್ಕಳಿಗೆ ಊಟ ಬಡಿಸುವವನು ಆ ಸ್ಥಿತಿಯಲ್ಲಿಲ್ಲ. ಸಕ್ಕರೆ ಕಾಯಿಲೆಯವರು ದಿನಾ ಇನ್ಸುಲಿನ್ ತೆಗೆದುಕೊಳ್ಳುವುದನ್ನು ನಾವು ಚಟ ಅನ್ನುವುದಿಲ್ಲ, ಅಲ್ವಾ?

ಈಗ ಈ ಬಿಕ್ಕಟ್ಟು ಎಲ್ಲಿಂದ ಬಂತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ, ಇದು ಬಹಳ ಜನರಿಗೆ ಗೊತ್ತಿರುವ ಕಥೆ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ತಂದಿತು. ಚಟದ ಅಪಾಯ ಕಡಿಮೆ ಎಂದು ಡಾಕ್ಟರುಗಳಿಗೆ ಹೇಳಿ ಮಾರಿತು. ಅದು ಸುಳ್ಳು ಪ್ರಚಾರ ಎಂದು 2007ರಲ್ಲಿ ಅದರ ಅಂಗಸಂಸ್ಥೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು, 2020ರಲ್ಲಿ ಕಂಪನಿ ಬೇರೆ ಆರೋಪಗಳಿಗೆ ಮತ್ತೆ ತಪ್ಪೊಪ್ಪಿಕೊಂಡಿತು. ಮಾತ್ರೆ ಸಿಗುವುದು ಕಷ್ಟವಾದಾಗ, 2010ರ ಸುಮಾರಿಗೆ, ಜನ ಹೆರಾಯಿನ್‌ಗೆ ತಿರುಗಿದರು. 2013ರ ನಂತರ ಫೆಂಟನಿಲ್ ಬಂತು, ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಶಕ್ತಿಯದು. 2 ಮಿಲಿಗ್ರಾಂ ಸಾಕು ಒಬ್ಬನನ್ನು ಕೊಲ್ಲಲು. ಎಲ್ಲ ಬಗೆಯ ಡ್ರಗ್ ಓವರ್‌ಡೋಸ್‌ನಿಂದ ಅಮೆರಿಕದಲ್ಲಿ 2017ರಲ್ಲಿ ಸತ್ತವರು 70,237. 2022ರಲ್ಲಿ ಅದು 1,07,941ಕ್ಕೆ ಏರಿತು. ಅದರಲ್ಲಿ ಮುಕ್ಕಾಲು ಪಾಲು ಓಪಿಯಾಯ್ಡ್‌ಗಳಿಂದ.

ಇದರ ನಡುವೆ ನಮ್ಮ ಕಡೆಯ ಹೆಸರೊಂದು ಬರುತ್ತದೆ. ಆಗ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ಆಗಿದ್ದವರು ಡಾ. ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದವರು. 2016ರ ಆಗಸ್ಟ್‌ನಲ್ಲಿ ಅವರು ದೇಶದ 23 ಲಕ್ಷ ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ಪತ್ರ ಬರೆದರು: ನೋವಿನ ಮಾತ್ರೆ ಬರೆಯುವಾಗ ಯೋಚಿಸಿ, ಚಟವನ್ನು ನಡತೆಯ ದೋಷ ಎಂದು ನೋಡಬೇಡಿ, ಅದು ಕಾಯಿಲೆ ಎಂದು. ಅದೇ ವರ್ಷ ನವೆಂಬರ್‌ನಲ್ಲಿ ಅವರ ಕಚೇರಿ ಚಟದ ಬಗ್ಗೆಯೇ ಒಂದು ದೊಡ್ಡ ವರದಿ ತಂದಿತು. ಚಟದ ಕಾಯಿಲೆ ಇರುವ 10 ಜನರಲ್ಲಿ ಒಬ್ಬರಿಗೆ ಮಾತ್ರ ಅದಕ್ಕೆಂದೇ ಇರುವ ಚಿಕಿತ್ಸೆ ಸಿಗುತ್ತಿದೆ ಎಂದು ಅದರಲ್ಲಿತ್ತು.

ಉಳಿದ ಒಂಬತ್ತು ಜನರಿಗೆ ಯಾಕೆ ಸಿಗುತ್ತಿಲ್ಲ? ಕಾರಣ ಒಂದಲ್ಲ, ಹಲವು. ಆದರೆ ಒಂದು ಕಾರಣ ಕಾನೂನಿನ ಪುಸ್ತಕದಲ್ಲೇ ಕೂತಿತ್ತು.

ಆ ಕಾನೂನಿನ ಬೇರು 1914ರಷ್ಟು ಹಳೆಯದು. ಆ ವರ್ಷ ಬಂದ ಹ್ಯಾರಿಸನ್ ಕಾಯಿದೆ ಹೆಸರಿಗೆ ಅಫೀಮಿನಂಥ ಔಷಧಿಗಳ ಮೇಲಿನ ತೆರಿಗೆ ಕಾನೂನು. 1919ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ ಅದಕ್ಕೆ ಹೊಸ ಅರ್ಥ ಕೊಟ್ಟಿತು: ಚಟ ಇರುವವನಿಗೆ ಅವನು ನೆಮ್ಮದಿಯಾಗಿರಲಿ ಎಂದು ಡಾಕ್ಟರು ಮಾರ್ಫಿನ್ ಬರೆದುಕೊಟ್ಟರೆ ಅದು ಚಿಕಿತ್ಸೆಯೇ ಅಲ್ಲ ಎಂದು. ಎಷ್ಟೋ ಡಾಕ್ಟರುಗಳ ಮೇಲೆ ಕೇಸು ಬಿತ್ತು. ಅಲ್ಲಿಂದ ಮುಂದೆ ವೈದ್ಯರು ಈ ರೋಗಿಗಳನ್ನು ಬಾಗಿಲಲ್ಲೇ ಕಳಿಸುವುದನ್ನು ಕಲಿತರು. ಆ ಹೆದರಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂತು, ಮೆಡಿಕಲ್ ಕಾಲೇಜಿನಲ್ಲಿ ಈ ಕಾಯಿಲೆಯ ಪಾಠವೂ ಸರಿಯಾಗಿ ಇರಲಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ಇಬ್ಬರು ವೈದ್ಯರು ಮೆಥಡೋನ್ ಕೊಟ್ಟು ಹೆರಾಯಿನ್ ಚಟದವರನ್ನು ಮತ್ತೆ ಬದುಕಿಗೆ ತರಬಹುದು ಎಂದು ತೋರಿಸಿದರು. ಸರ್ಕಾರ ಒಪ್ಪಿತು, ಆದರೆ ಬೇಲಿ ಹಾಕಿ: ಲೈಸೆನ್ಸು ಇರುವ ವಿಶೇಷ ಕ್ಲಿನಿಕ್ಕುಗಳಲ್ಲಿ ಮಾತ್ರ, ಬಹುತೇಕ ದಿನಾ ಬಂದು ಕ್ಯೂ ನಿಂತು, ನರ್ಸಿನ ಕಣ್ಣೆದುರೇ ಕುಡಿಯಬೇಕು. ಚಟದಿಂದ ಹೊರಬರುತ್ತಿರುವವನು ಹೊಸ ಕೆಲಸ ಹಿಡಿದಿರುತ್ತಾನೆ, ಅವನಿಗೆ ದಿನಾ ಬೆಳಿಗ್ಗೆ ಎರಡು ಗಂಟೆ ಇದಕ್ಕೆ ಎಲ್ಲಿಂದ ಬರಬೇಕು?

ಹಾಗಾಗಿ 2000ದಲ್ಲಿ ಬಂದ ಕಾನೂನು ನಿಜವಾಗಿ ಒಳ್ಳೆಯ ಉದ್ದೇಶದ್ದು, ಇದನ್ನು ಒತ್ತಿ ಹೇಳಬೇಕು. ಕಾರ್ಲ್ ಲೆವಿನ್, ಆರಿನ್ ಹ್ಯಾಚ್, ಜೋ ಬೈಡನ್ ಎಂಬ ಮೂವರು ಸೆನೆಟರುಗಳು ಎರಡೂ ಪಕ್ಷದ ಕಡೆಯಿಂದ ಸೇರಿ ತಂದದ್ದು. ಮೊದಲ ಬಾರಿಗೆ ಮಾಮೂಲಿ ಡಾಕ್ಟರು ತನ್ನ ಮಾಮೂಲಿ ಕ್ಲಿನಿಕ್ಕಿನಲ್ಲೇ ಚಟಕ್ಕೆ ಓಪಿಯಾಯ್ಡ್ ಔಷಧಿ ಬರೆಯಬಹುದು ಎಂದಾಯಿತು. 2002ರ ಅಕ್ಟೋಬರ್‌ನಲ್ಲಿ ಬ್ಯೂಪ್‌ಗೆ ಒಪ್ಪಿಗೆಯೂ ಸಿಕ್ಕಿತು. ಬಾಗಿಲು ತೆರೆಯಿತು, ಆದರೆ ಸರಪಳಿ ಹಾಕಿಕೊಂಡೇ. ಡಾಕ್ಟರು 8 ಗಂಟೆಯ ತರಬೇತಿ ಮುಗಿಸಬೇಕು, ಅರ್ಜಿ ಹಾಕಬೇಕು, ಆಮೇಲೆ ಡ್ರಗ್ ನಿಯಂತ್ರಣದ ಕೇಂದ್ರ ಸಂಸ್ಥೆಯಾದ ಡಿಇಎಯಿಂದ ಎಕ್ಸ್ ಅಕ್ಷರದಿಂದ ಶುರುವಾಗುವ ಬೇರೆ ನಂಬರು ಪಡೆಯಬೇಕು. ಇದನ್ನೇ ಎಲ್ಲರೂ ಎಕ್ಸ್ ವೇವರ್ ಎಂದರು, ವೇವರ್ ಅಂದರೆ ವಿನಾಯಿತಿ. ಇಷ್ಟಾದ ಮೇಲೂ ಒಬ್ಬ ಡಾಕ್ಟರು ಒಂದು ಹೊತ್ತಿನಲ್ಲಿ 30 ರೋಗಿಗಳಿಗಿಂತ ಜಾಸ್ತಿ ನೋಡುವಂತಿಲ್ಲ. ಮೊದಲ ಕೆಲವು ವರ್ಷವಂತೂ ಇಡೀ ಗ್ರೂಪ್ ಪ್ರಾಕ್ಟೀಸಿಗೇ 30ರ ಮಿತಿ, ಅಲ್ಲಿ ನೂರು ಡಾಕ್ಟರಿದ್ದರೂ ಅಷ್ಟೇ.

31ನೆಯವನಾಗಿ ಬಂದವನನ್ನು ನೆನೆಸಿಕೊಳ್ಳಿ.

ಮಿತಿಗಳು ನಿಧಾನವಾಗಿ ಸಡಿಲವಾದವು. 2006ರಲ್ಲಿ 100, 2016ರಲ್ಲಿ 275. ಅದೇ 2016ರಲ್ಲಿ, ಡಾಕ್ಟರಲ್ಲದಿದ್ದರೂ ಔಷಧಿ ಬರೆಯಬಲ್ಲ ನರ್ಸ್ ಪ್ರಾಕ್ಟೀಷನರುಗಳಿಗೂ ಫಿಸಿಷಿಯನ್ ಅಸಿಸ್ಟೆಂಟರಿಗೂ ಅವಕಾಶ ಸಿಕ್ಕಿತು, ಆದರೆ ಅವರಿಗೆ 24 ಗಂಟೆಯ ತರಬೇತಿ. ಮಜಾ ಅಂದರೆ, ಇದೇ ಬ್ಯೂಪ್ರೆನಾರ್ಫಿನ್ ಅನ್ನು ನೋವಿಗೆಂದು ಬರೆದರೆ ಈ ಯಾವ ಅನುಮತಿಯೂ ಬೇಕಿರಲಿಲ್ಲ! ಔಷಧಿ ಅದೇ, ಡಾಕ್ಟರು ಅವರೇ. ಚೀಟಿಯಲ್ಲಿ ಕಾಯಿಲೆಯ ಹೆಸರು ಚಟ ಎಂದಿದ್ದರೆ ಮಾತ್ರ ಕಾನೂನು ಎದ್ದು ನಿಲ್ಲುತ್ತಿತ್ತು. ಅಂದರೆ ಅಪಾಯ ಇದ್ದದ್ದು ಔಷಧಿಯಲ್ಲಿ ಅಲ್ಲ, ರೋಗಿಯ ಬಗ್ಗೆ ಇದ್ದ ಅನುಮಾನದಲ್ಲಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ.

ಎಮರ್ಜೆನ್ಸಿ ವಾರ್ಡಿಗೆ ಮೂರು ದಿನದ ನಿಯಮ ಅಂತ ಒಂದಿತ್ತು. ಎಕ್ಸ್ ನಂಬರು ಇಲ್ಲದ ಡಾಕ್ಟರು ವಿತ್‌ಡ್ರಾವಲ್‌ನಲ್ಲಿರುವವನಿಗೆ 72 ಗಂಟೆಯವರೆಗೆ ತಾವೇ ಬ್ಯೂಪ್ ಕೊಡಬಹುದು, ಆದರೆ ಒಂದು ಸಲಕ್ಕೆ ಒಂದು ದಿನದ್ದು ಮಾತ್ರ, ಕೈಗೆ ಚೀಟಿ ಕೊಡುವಂತಿಲ್ಲ. ಬೆವರುತ್ತಾ ನಡುಗುತ್ತಾ ಬಂದವನು ಮಾರನೆಯ ದಿನ ಮತ್ತೆ ಬರಬೇಕು, ಮತ್ತೆ ಗಂಟೆಗಟ್ಟಲೆ ಕಾಯಬೇಕು, ಮೂರನೆಯ ದಿನವೂ ಬರಬೇಕು. ನಾಲ್ಕನೆಯ ದಿನಕ್ಕೆ ಎಕ್ಸ್ ನಂಬರಿನ ಡಾಕ್ಟರು ಸಿಗದಿದ್ದರೆ ಮತ್ತೆ ಬೀದಿಯ ಡ್ರಗ್ಗೇ ಗತಿ. ಹಳ್ಳಿಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅಂಥ ಡಾಕ್ಟರು ಒಬ್ಬರೂ ಇರಲಿಲ್ಲ ಎಂಬ ಕಾಲವೂ ಇತ್ತು.

ಇಲ್ಲಿಗೆ ಟೊಂಕೊ ಬರುತ್ತಾರೆ. 1949ರಲ್ಲಿ ನ್ಯೂಯಾರ್ಕ್ ರಾಜ್ಯದ ಆಮ್‌ಸ್ಟರ್‌ಡ್ಯಾಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಮೊಹಾಕ್ ನದಿಯ ದಂಡೆಯ ಊರು, ಒಂದು ಕಾಲಕ್ಕೆ ಕಾರ್ಪೆಟ್ ಗಿರಣಿಗಳಿಗೆ ಹೆಸರಾಗಿದ್ದು ಆಮೇಲೆ ಗಿರಣಿಗಳು ಹೋಗಿ ಸೊರಗಿದ್ದು. ಓದಿದ್ದು ಎಂಜಿನಿಯರಿಂಗ್. 1983ರಿಂದ 2007ರವರೆಗೆ ರಾಜ್ಯದ ಶಾಸನಸಭೆಯಲ್ಲಿದ್ದರು, 2009ರಿಂದ ಆಲ್ಬನಿ ಮತ್ತು ಸುತ್ತಮುತ್ತಲಿನ ಊರುಗಳ ಪರವಾಗಿ ಅಮೆರಿಕದ ಪ್ರತಿನಿಧಿ ಸಭೆಯಲ್ಲಿದ್ದಾರೆ. ಡೆಮಾಕ್ರಟಿಕ್ ಪಕ್ಷ. ಹೆಚ್ಚು ಕೆಲಸ ಮಾಡಿದ್ದು ಇಂಧನ, ಪರಿಸರದ ವಿಷಯಗಳಲ್ಲಿ.

ಆದರೆ ಮನಸ್ಸಿನ ಕಾಯಿಲೆಗಳ ವಿಷಯ ಅವರಿಗೆ ಹೊಸದಾಗಿರಲಿಲ್ಲ. ರಾಜ್ಯದ ಶಾಸಕರಾಗಿದ್ದಾಗ ತಿಮೋಥಿ ಕಾನೂನು ಎಂದು ಕರೆಯುವ ಒಂದು ಮಸೂದೆಯ ಹಿಂದೆ ಇದ್ದವರು ಅವರು. ಆ ಭಾಗದ 12 ವರ್ಷದ ಹುಡುಗನೊಬ್ಬ 2001ರಲ್ಲಿ ಜೀವ ಕಳೆದುಕೊಂಡಿದ್ದ. ಅವನ ಮಾನಸಿಕ ಕಾಯಿಲೆಗೆ ವಿಮೆ ಸರಿಯಾಗಿ ಹಣ ಕೊಡುತ್ತಿರಲಿಲ್ಲ. ಮೈಯ ಕಾಯಿಲೆಗೆ ಕೊಟ್ಟಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂಬುದು ಆ ಕಾನೂನಿನ ಸಾರ. ಅದಕ್ಕೆ ಸಹಿ ಬಿದ್ದದ್ದು 2006ರ ಕೊನೆಗೆ, ವರ್ಷಗಳ ಹಟದ ನಂತರ. ಎಕ್ಸ್ ವೇವರ್ ವಿಷಯದಲ್ಲೂ ಅವರು ಕೇಳಿದ್ದು ಅದೇ ಪ್ರಶ್ನೆ: ಬೇರೆ ಕಾಯಿಲೆಗಿಲ್ಲದ ಬೇಲಿ ಈ ಕಾಯಿಲೆಗೆ ಮಾತ್ರ ಯಾಕೆ?

2019ರಲ್ಲಿ ಟೊಂಕೊ ಒಂದು ಚಿಕ್ಕ ಮಸೂದೆ ತಂದರು. ಚಟದ ಚಿಕಿತ್ಸೆಯನ್ನು ಎಲ್ಲ ಕಾಯಿಲೆಗಳ ಸಾಲಿಗೆ ತರುವುದು ಎಂಬ ಅರ್ಥದ ಹೆಸರು, ಚಿಕ್ಕದಾಗಿ ಮ್ಯಾಟ್ ಕಾಯಿದೆ. ಅದರ ಮುಖ್ಯ ಕೆಲಸ ಎಕ್ಸ್ ವೇವರ್ ರದ್ದು ಮಾಡುವುದು. ರಿಪಬ್ಲಿಕನ್ ಸಂಸದರೂ ಜೊತೆಗಿದ್ದರು. ಎಮರ್ಜೆನ್ಸಿ ವೈದ್ಯರ ಕಡೆಯಿಂದ ಎಕ್ಸ್ ವೇವರ್‌ಗೇ ಎಕ್ಸ್ ಹಾಕಿ ಎಂಬ ಕೂಗು ಆನ್‌ಲೈನಿನಲ್ಲಿ ಜೋರಾಗಿತ್ತು. ಆದರೂ ಆ ಅವಧಿಯ ಸಂಸತ್ತು ಮುಗಿದಾಗ ಮಸೂದೆ ಹಾಗೇ ಬಿದ್ದುಹೋಯಿತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಹೊಸ ಕಾಂಗ್ರೆಸ್ ಕೂರುತ್ತದೆ, ಪಾಸಾಗದೆ ಉಳಿದ ಮಸೂದೆಗಳೆಲ್ಲ ಸತ್ತಂತೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು.

2021ರ ಜನವರಿಯಲ್ಲಿ ಒಂದು ವಿಚಿತ್ರ ನಡೆಯಿತು. ಟ್ರಂಪ್ ಸರ್ಕಾರದ ಕೊನೆಯ ವಾರದಲ್ಲಿ ಆರೋಗ್ಯ ಇಲಾಖೆ, ಡಾಕ್ಟರುಗಳಿಗೆ ಇನ್ನು ಎಕ್ಸ್ ವೇವರ್ ಬೇಡ ಎಂದು ಪ್ರಕಟಿಸಿತು. ಎರಡೇ ವಾರದಲ್ಲಿ ಹೊಸದಾಗಿ ಬಂದ ಬೈಡನ್ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾರಣ ರಾಜಕೀಯದ್ದಲ್ಲ, ಕಾನೂನಿನದ್ದು. ಸಂಸತ್ತು ಬರೆದ ಕಾನೂನನ್ನು ಇಲಾಖೆಯ ಒಂದು ಸುತ್ತೋಲೆ ಅಳಿಸಲಾಗದು. ಏಪ್ರಿಲ್‌ನಲ್ಲಿ, ಇರುವ ಅಧಿಕಾರದ ಒಳಗೇ ಸಾಧ್ಯವಾದಷ್ಟು ಸಡಿಲಿಸಿದರು: 30 ರೋಗಿಗಳವರೆಗೆ ತರಬೇತಿ ಬೇಡ, ಆದರೆ ಅರ್ಜಿ ಹಾಕಿ ಎಕ್ಸ್ ನಂಬರು ತೆಗೆದುಕೊಳ್ಳಲೇಬೇಕು. ಟೊಂಕೊ ಮಸೂದೆ ಯಾಕೆ ಬೇಕಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಾನೂನಿನಿಂದ ಕಟ್ಟಿದ ಗಂಟನ್ನು ಕಾನೂನೇ ಬಿಚ್ಚಬೇಕು.

2021ರಲ್ಲಿ ಮಸೂದೆ ಮತ್ತೆ ಬಂತು. ಈ ಸಲ ಪ್ರತಿನಿಧಿ ಸಭೆಯಲ್ಲಿ ಟೊಂಕೊ ಜೊತೆಗೆ ಓಹಾಯೋದ ರಿಪಬ್ಲಿಕನ್ ಮೈಕ್ ಟರ್ನರ್, ಸೆನೆಟ್ಟಿನಲ್ಲಿ ನ್ಯೂ ಹ್ಯಾಂಪ್‌ಶೈರಿನ ಮ್ಯಾಗಿ ಹಸ್ಸನ್ ಮತ್ತು ಅಲಾಸ್ಕದ ಲೀಸಾ ಮರ್ಕೌಸ್ಕಿ. ಇವೆಲ್ಲ ಈ ಪಿಡುಗಿನಿಂದ ತತ್ತರಿಸಿದ ರಾಜ್ಯಗಳು, ಹಾಗಾಗಿ ಪಕ್ಷದ ಗೋಡೆ ಇಲ್ಲಿ ತೆಳುವಾಗಿತ್ತು. ಸಹಿ ಹಾಕಿದ ಸಂಸದರ ಸಂಖ್ಯೆ 200 ದಾಟಿತು.

ವಿರೋಧವೂ ಇತ್ತು, ಮತ್ತು ಅದು ಪೂರ್ತಿ ಹುರುಳಿಲ್ಲದ್ದಲ್ಲ. ಯಾವ ತರಬೇತಿಯೂ ಇಲ್ಲದ ಡಾಕ್ಟರು ಸುಮ್ನೆ ಮಾತ್ರೆ ಬರೆದು ಕಳಿಸಿದರೆ ಏನು ಗತಿ? ಮಾತ್ರೆ ಬೀದಿಗೆ ಹೋಗಿ ಮಾರಾಟವಾದರೆ? ಬೀದಿಯಲ್ಲಿ ಬ್ಯೂಪ್ ಮಾರಾಟವಾಗುತ್ತಿದ್ದುದು ನಿಜವೇ. ಆದರೆ ಕೊಳ್ಳುತ್ತಿದ್ದವರನ್ನು ಕೇಳಿದಾಗ ಹೆಚ್ಚಿನವರು ಹೇಳಿದ್ದು, ವಿತ್‌ಡ್ರಾವಲ್ ತಡೆಯಲು ತೆಗೆದುಕೊಂಡೆವು, ಡಾಕ್ಟರು ಸಿಗಲಿಲ್ಲ ಎಂದು. ಚಿಕಿತ್ಸೆ ಸಿಗದ ಕಡೆ ಜನ ತಾವೇ ಚಿಕಿತ್ಸೆ ಮಾಡಿಕೊಳ್ಳುತ್ತಿದ್ದರು. ಫ್ರಾನ್ಸಿನ ಅನುಭವವೂ ಎದುರಿಗಿತ್ತು. ಅಲ್ಲಿ 1995ರಲ್ಲೇ ಎಲ್ಲ ಮಾಮೂಲಿ ಡಾಕ್ಟರುಗಳಿಗೂ ಬ್ಯೂಪ್ ಬರೆಯಲು ಬಿಟ್ಟರು, ವಿಶೇಷ ಲೈಸೆನ್ಸು ಇಲ್ಲ. ಮೆಥಡೋನ್ ಕೂಡ ಅದೇ ಹೊತ್ತಿಗೆ ಹರಡಿತು. 1999ರ ಹೊತ್ತಿಗೆ ಅಲ್ಲಿನ ಓವರ್‌ಡೋಸ್ ಸಾವು ಶೇ. 79ರಷ್ಟು ಇಳಿದಿತ್ತು. ಅಮೆರಿಕದ ಆರೋಗ್ಯ ವ್ಯವಸ್ಥೆ ಬೇರೆ, ಫೆಂಟನಿಲ್ ಕಾಲವೂ ಬೇರೆ, ಅದೇ ಇಳಿಕೆ ಇಲ್ಲಿ ಆಗುತ್ತದೆ ಎಂದು ಹೇಳಲಾಗದು. ಆದರೆ ಬೇಲಿ ತೆಗೆದರೆ ಅನಾಹುತವಾಗುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ.

ತರಬೇತಿಯ ಆಕ್ಷೇಪಕ್ಕೆ ಸಂಸತ್ತು ಕಂಡುಕೊಂಡ ದಾರಿ ನನಗೆ ತುಂಬಾ ಹಿಡಿಸಿತು. ಚಟಕ್ಕೆ ಚಿಕಿತ್ಸೆ ಕೊಡುವವರಿಗೆ ಮಾತ್ರ ಯಾಕೆ 8 ಗಂಟೆಯ ಪಾಠ, ಓಪಿಯಾಯ್ಡ್ ಮುಂತಾದ ನಿಯಂತ್ರಿತ ಔಷಧಿ ಬರೆಯುವ ಎಲ್ಲ ಡಾಕ್ಟರಿಗೂ ಇರಲಿ ಎಂದರು. ಅದು ಪಕ್ಕದ ಇನ್ನೊಂದು ಮಸೂದೆ, ಮ್ಯಾಸಚೂಸೆಟ್ಸಿನ ಸಂಸದೆ ಲೋರಿ ಟ್ರಹಾನ್ ಅವರದ್ದು. ಪಾಠ ಹೋಗಲಿಲ್ಲ, ಪಾಠ ಕಲಿಯಬೇಕಾದವರ ಪಟ್ಟಿ ಸರಿಯಾಯಿತು.

2022ರ ಜೂನ್‌ನಲ್ಲಿ ಮಾನಸಿಕ ಆರೋಗ್ಯದ ಒಂದು ದೊಡ್ಡ ಮಸೂದೆಯ ಒಳಗೆ ಸೇರಿಸಿ ಪ್ರತಿನಿಧಿ ಸಭೆ ಇದನ್ನು 402 ಮತಕ್ಕೆ 20ರಂತೆ ಪಾಸು ಮಾಡಿತು. ಸೆನೆಟ್ಟಿನಲ್ಲಿ ಅದು ತಾನಾಗಿ ಮುಂದೆ ಹೋಗಲಿಲ್ಲ. ಕೊನೆಗೆ ವರ್ಷದ ಬಜೆಟ್ ಮಸೂದೆಗೆ ಹತ್ತಿಸಿದರು. ಅಲ್ಲಿ ಹೀಗೇ ನಡೆಯುತ್ತದೆ. ಸರ್ಕಾರ ನಡೆಯಲು ಹಣ ಬೇಕೇಬೇಕು, ಆ ಮಸೂದೆ ಪಾಸಾಗಲೇಬೇಕು, ಆದ್ದರಿಂದ ಹೊರಡುವ ಕೊನೆಯ ಬಸ್ಸಿಗೆ ಎಲ್ಲರೂ ಹತ್ತಿದಂತೆ ನೂರೆಂಟು ಬೇರೆ ಮಸೂದೆಗಳು ಅದರೊಳಗೆ ಸೇರಿಕೊಳ್ಳುತ್ತವೆ. ಆ ವರ್ಷದ ಮಸೂದೆ 4,155 ಪುಟ. ಟೊಂಕೊ ಅವರ ಭಾಗ ಅದರಲ್ಲಿ 1262ನೇ ಸೆಕ್ಷನ್, ಕೆಲವೇ ಪುಟ. 2022ರ ಡಿಸೆಂಬರ್ 29ರಂದು ಬೈಡನ್ ಅದಕ್ಕೆ ಸಹಿ ಹಾಕಿದರು. ರಜೆಯ ಮೇಲೆ ಕೆರಿಬಿಯನ್ನಿನ ಸೇಂಟ್ ಕ್ರಾಯ್ ದ್ವೀಪದಲ್ಲಿದ್ದ ಅವರಿಗೆ ಕಾಗದಗಳನ್ನು ವಿಮಾನದಲ್ಲಿ ಕಳಿಸಿಕೊಟ್ಟಿದ್ದರು. 2000ದಲ್ಲಿ ಬಾಗಿಲಿಗೆ ಆ ಸರಪಳಿ ಹಾಕಿದ ಮೂವರಲ್ಲಿ ಒಬ್ಬರ ಕೈಯಿಂದಲೇ ಅದು ಬಿಚ್ಚಿತು.

ಸಹಿ ಬಿದ್ದ ಆ ದಿನವೇ ಎಕ್ಸ್ ನಂಬರು ಹೋಯಿತು, ರೋಗಿಗಳ ಮಿತಿಯೂ ಹೋಯಿತು. ಅಲ್ಲಿಯವರೆಗೆ ಸುಮಾರು 1.3 ಲಕ್ಷ ಜನ ಬ್ಯೂಪ್ ಬರೆಯಬಹುದಿತ್ತು, ಆಮೇಲೆ ಸುಮಾರು 18 ಲಕ್ಷ.

ಈಗ ಕಷ್ಟದ ಭಾಗ. ಬರೆಯಬಹುದಾದವರು ಹದಿನಾಲ್ಕು ಪಟ್ಟು ಹೆಚ್ಚಾದರೆ ಔಷಧಿ ಪಡೆಯುವವರೂ ಹಾಗೇ ಹೆಚ್ಚಬೇಕಲ್ವಾ? ಹಾಗಾಗಲಿಲ್ಲ. ಮೊದಲ ವರ್ಷದಲ್ಲಿ ಬ್ಯೂಪ್ ಬರೆದ ಡಾಕ್ಟರುಗಳ ಸಂಖ್ಯೆ ಹೆಚ್ಚಾಯಿತು, ಆದರೆ ಪಡೆದ ರೋಗಿಗಳ ಒಟ್ಟು ಸಂಖ್ಯೆ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ನನಗೆ ಇದು ನಿರಾಸೆ ತಂದಿತು, ಆದರೆ ಆಶ್ಚರ್ಯ ತರಲಿಲ್ಲ. 1919ರಿಂದ ಮೈಗೂಡಿದ ಹೆದರಿಕೆ ಒಂದು ಸಹಿಗೆ ಹೋಗುವುದಿಲ್ಲ. ಈ ರೋಗಿಗಳು ನನ್ನ ಕ್ಲಿನಿಕ್ಕಿಗೆ ಬೇಡ ಎನ್ನುವ ಡಾಕ್ಟರುಗಳು ಇನ್ನೂ ಇದ್ದಾರೆ. ವಿಮಾ ಕಂಪನಿಗಳ ಮುಂಗಡ ಒಪ್ಪಿಗೆಯ ಕಾಗದಪತ್ರವೂ ಇದೆ. ಫೆಂಟನಿಲ್‌ನಿಂದಾಗಿ ಹೊಸ ತೊಡಕೂ ಬಂದಿದೆ: ಅದು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ, ಬ್ಯೂಪ್ ಬೇಗ ಶುರು ಮಾಡಿದರೆ ಕೆಲವೊಮ್ಮೆ ವಿತ್‌ಡ್ರಾವಲ್ ಒಮ್ಮೆಗೇ ಭುಗಿಲೇಳುತ್ತದೆ. ಒಮ್ಮೆ ಹಾಗಾದವನು ಮತ್ತೆ ಆ ಔಷಧಿಯ ಹತ್ತಿರ ಬರಲು ಹೆದರುತ್ತಾನೆ.

ಇನ್ನೊಂದು ಅಡ್ಡಿ ಔಷಧಿ ಅಂಗಡಿ. ಓಪಿಯಾಯ್ಡ್ ಮಾತ್ರೆಗಳನ್ನು ಲೆಕ್ಕವಿಲ್ಲದೆ ಸರಬರಾಜು ಮಾಡಿದ್ದಕ್ಕೆ ಸಗಟು ಕಂಪನಿಗಳು ಸಾವಿರಾರು ಕೋಟಿ ಡಾಲರುಗಳ ಪರಿಹಾರ ಕೊಡಲು ಒಪ್ಪಿವೆ. ಅದರ ನಂತರ ಅವು ಅಂಗಡಿಗಳ ಆರ್ಡರುಗಳ ಮೇಲೆ ಕಣ್ಣಿಟ್ಟಿವೆ, ಅನುಮಾನ ಬಂದರೆ ಸರಬರಾಜು ನಿಲ್ಲಿಸುತ್ತವೆ. ಒಳ್ಳೆಯದೇ. ಆದರೆ ಆ ಜಾಲರಿಯಲ್ಲಿ ಬ್ಯೂಪ್ ಕೂಡ ಸಿಕ್ಕಿಬಿದ್ದಿದೆ, ಏಕೆಂದರೆ ಅದೂ ಓಪಿಯಾಯ್ಡ್ ತಾನೆ. ಹಾಗಾಗಿ ಅಂಗಡಿಯವರು ಅದನ್ನು ಕಡಿಮೆ ಇಟ್ಟುಕೊಳ್ಳುತ್ತಾರೆ, ಕೆಲವರು ಇಡುವುದೇ ಇಲ್ಲ. ಚೀಟಿ ಸಿಕ್ಕಿತು, ಮಾತ್ರೆ ಸಿಗಲಿಲ್ಲ.

ಸಾವಿನ ಸಂಖ್ಯೆ ಮಾತ್ರ ಇಳಿದಿದೆ. 2023ರಲ್ಲಿ ಸ್ವಲ್ಪ, 2024ರಲ್ಲಿ ಬಹಳ, ಸುಮಾರು 80,000ಕ್ಕೆ. ಇದಕ್ಕೆ ಮ್ಯಾಟ್ ಕಾಯಿದೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಓವರ್‌ಡೋಸ್ ಆದವನ ಉಸಿರು ಮರಳಿ ತರುವ ನಲೋಕ್ಸೋನ್ ಸ್ಪ್ರೇ 2023ರಿಂದ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿದೆ. ಬೀದಿಯ ಡ್ರಗ್ಗಿನ ಸ್ವರೂಪವೂ ಬದಲಾಗಿದೆ. ಎಲ್ಲ ಸೇರಿ ಆದದ್ದು. 80,000 ಎಂದರೂ ದಿನಕ್ಕೆ 200ಕ್ಕಿಂತ ಜಾಸ್ತಿ ಜನ ಎಂಬುದನ್ನು ಮರೆಯುವಂತಿಲ್ಲ.

ನಮ್ಮಲ್ಲಿಯೂ ಕಾನೂನಿನ ಹೆದರಿಕೆ ಇದೇ ಕೆಲಸ ಮಾಡಿದೆ, ಬೇರೆ ರೂಪದಲ್ಲಿ. ಮಾದಕ ವಸ್ತುಗಳ ನಿಯಂತ್ರಣಕ್ಕೆ 1985ರ ಎನ್‌ಡಿಪಿಎಸ್ ಕಾಯಿದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸು ಬೇಕಾಯಿತು, ಬಹಳ ಆಸ್ಪತ್ರೆಗಳು ಆ ತಾಪತ್ರಯವೇ ಬೇಡ ಎಂದು ಕೈಬಿಟ್ಟವು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಸತ್ತರು. ಸಂಸತ್ತು ಅದನ್ನು ಸರಳ ಮಾಡಿದ್ದು 2014ರಲ್ಲಿ. ಚಟದ ಚಿಕಿತ್ಸೆಗೆ ಬ್ಯೂಪ್ ಇಲ್ಲೂ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಕಾಯಿಲೆಗಳಿಗೆಂದೇ ಒಂದು ಕೇಂದ್ರವಿದೆ. ಮನೆಯಲ್ಲಿ ಯಾರಾದರೂ ಇದರಲ್ಲಿ ಸಿಕ್ಕಿಬಿದ್ದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿರುವ ನಮ್ಮವರಿಗೆ ಅಲ್ಲಿನ ಸಹಾಯವಾಣಿ 988 ಇದೆ. ನಮ್ಮ ಕುಟುಂಬಗಳಲ್ಲಿ ಇಂಥದ್ದು ಆಗುವುದಿಲ್ಲ ಎಂದುಕೊಂಡು ಮುಚ್ಚಿಡುವುದು ಬೇಡ.

ಟೊಂಕೊ ಅವರ ಇನ್ನೊಂದು ಕೆಲಸ ಮಾತ್ರ ಮುಗಿದಿಲ್ಲ. ಅದು ಜೈಲಿಗೆ ಸಂಬಂಧಿಸಿದ್ದು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇಡ್ 1965ರಲ್ಲಿ ಶುರುವಾದಾಗಲೇ ಒಂದು ನಿಯಮ ಬರೆದಿದ್ದರು, ಜೈಲಿನಲ್ಲಿರುವವರಿಗೆ ಅದರ ಹಣ ಇಲ್ಲ ಎಂದು. ಒಳಗೆ ಹೋದ ಕೂಡಲೇ ವಿಮೆ ನಿಲ್ಲುತ್ತದೆ, ಹೊರಗೆ ಬಂದ ಮೇಲೆ ಮತ್ತೆ ಶುರುವಾಗಲು ಎಷ್ಟೋ ಕಡೆ ಅರ್ಜಿ, ಅಲೆದಾಟ, ವಾರಗಳು. ಒಳಗಿದ್ದಾಗ ಒಗ್ಗಿಕೆ ಹೋಗಿರುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಜೀವ ತೆಗೆಯುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನವೊಂದು, ಹೊರಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಮಿಕ್ಕ ಜನರಿಗಿಂತ 129 ಪಟ್ಟು ಎಂದು ಕಂಡುಕೊಂಡಿತು.

ಬಿಡುಗಡೆಗೆ 30 ದಿನ ಮೊದಲೇ ವಿಮೆ ಶುರುವಾಗಲಿ, ಒಳಗಿದ್ದಾಗಲೇ ಬ್ಯೂಪ್ ಶುರು ಮಾಡಿ ಹೊರಗಿನ ಡಾಕ್ಟರಿಗೆ ಜೋಡಿಸಲಿ ಎಂಬುದು ಟೊಂಕೊ ಅವರ ಮರುಪ್ರವೇಶ ಮಸೂದೆ. ಟರ್ನರ್ ಇದರಲ್ಲೂ ಜೊತೆಗಿದ್ದಾರೆ. ಪೂರ್ತಿಯಾಗಿ ಪಾಸಾಗಿಲ್ಲ, ತುಂಡು ತುಂಡಾಗಿ ಬರುತ್ತಿದೆ. ವಿಶೇಷ ಅನುಮತಿ ಕೇಳಿದ ಹಲವು ರಾಜ್ಯಗಳಿಗೆ ಕೇಂದ್ರ ಕೊಟ್ಟಿದೆ, 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮೊದಲು ಸಿಕ್ಕಿತು. ಶಿಕ್ಷೆ ಮುಗಿಸುತ್ತಿರುವ ಎಳೆಯರಿಗೆ ಬಿಡುಗಡೆಗೆ ಮೊದಲು ತಪಾಸಣೆ ಕೊಡಿಸಬೇಕೆಂಬ ನಿಯಮ 2025ರ ಜನವರಿಯಿಂದ ಇದೆ. ಮಿಕ್ಕ ಕಡೆ ಒಬ್ಬ ಮನುಷ್ಯ ಬೆಳಿಗ್ಗೆ ಜೈಲಿನ ಗೇಟಿನಿಂದ ಹೊರಗೆ ಬರುತ್ತಾನೆ, ಕೈಯಲ್ಲಿ ಒಂದು ಚೀಲ, ಜೇಬಿನಲ್ಲಿ ಬಸ್ಸಿಗಾಗುವಷ್ಟು ದುಡ್ಡು, ಮೊದಲು ಫೋನ್ ಮಾಡಬಹುದಾದ ಒಂದೇ ನಂಬರು ಅವನಿಗೆ ಬಾಯಿಪಾಠ ಬರುವ ಹಳೆಯ ಗೆಳೆಯನದ್ದು. ಈಗ ಯಾವ ಡಾಕ್ಟರು ಬೇಕಾದರೂ ಅವನಿಗೆ ಔಷಧಿ ಬರೆಯಬಹುದು. ಆ ಡಾಕ್ಟರನ್ನು ನೋಡಲು ಬೇಕಾದ ವಿಮೆಯ ಕಾರ್ಡು ಇನ್ನೂ ಚಾಲ್ತಿಗೆ ಬಂದಿಲ್ಲ.